ನೀಲವ್ವನ ‘ಸದ್ದು!’

ನವಿಲಗವಿಯ ಚೈತ್ಯಗುಹೆಯಲ್ಲಿ ಒಂದು ನಿಮಿಷ ಪೂರಾ ಮೌನವಾಗಿದ್ದರೆ ಕಲ್ಲಿನ ಬುದ್ಧ ಕಣ್ಣು ತೆರೆಯುತ್ತಾನೆ. ಟಿಕೆಟ್ಟಿನ ಹಿಂದೆಯೇ ಹಾಗೆಂದು ಅಚ್ಚಾಗಿದೆ. ಆದರೆ ಹನ್ನೊಂದು ವರ್ಷಗಳಿಂದ, ಅಂದರೆ ಮೌನ ಕಾಯಲೆಂದೇ ನೀಲವ್ವನನ್ನು ನೇಮಿಸಿದಾಗಿನಿಂದ, ಆತ ಕಣ್ಣು ಬಿಟ್ಟಿಲ್ಲ.

ಇಂದು ಪುರಾತತ್ವ ಇಲಾಖೆಯ ನಿರ್ದೇಶಕರೇ ಪರೀಕ್ಷಿಸಲು ಬಂದಿದ್ದರು. ಬುದ್ಧ ಇವತ್ತೂ ಕಣ್ಣು ಬಿಡದಿದ್ದರೆ ನೀಲವ್ವನ ಕೆಲಸಕ್ಕೆ ಕುತ್ತು.

“ಸದ್ದು!” ಎಂದು ಅವಳು ಜನರನ್ನು ಗದರಿದಳು. ಮರದ ತೊಲೆಗಳಂತೆ ಬಂಡೆಯಲ್ಲೇ ಕಡೆದ ಕಮಾನು ಛಾವಣಿ ಆ ಮಾತನ್ನು ಏಳು ಸಲ ಹಿಂದಿರುಗಿಸಿತು.

“ಏನಮ್ಮಾ, ಬರೀ ಸದ್ದು ಸದ್ದು ಅಂತೀಯ. ಮಾಡ್ಬೇಕೋ, ಬಿಡ್ಬೇಕೋ?” ಎಂದರು ನಿರ್ದೇಶಕರು.

“ಸುಮ್ಮಕಿರ್ರಿ ಅಂತ ಅರ್ಥ ಸಾಹೇಬ್ರ. ನಮ್ ಸಾಲ್ಯಾಗ ಮಾಸ್ತರು ಹಿಂಗ ಅಂತಿದ್ರು.”

ಎಲ್ಲರೂ ಸುಮ್ಮನಾದರು. ಲಾಳದಾಕಾರದ ಕಿಟಕಿಯಿಂದ ಇಳಿದ ಬಿಸಿಲು ಮೆಲ್ಲಗೆ ಬುದ್ಧನ ಮುಖ ಮುಟ್ಟಿತು. ಐವತ್ತೈದು ಸೆಕೆಂಡು ಕಳೆಯಿತು. ಕಲ್ಲಿನ ರೆಪ್ಪೆ ಕೂದಲೆಳೆಯಷ್ಟು ಮೇಲೆದ್ದಿತು. ಅದನ್ನು ಕಂಡು ನಿರ್ದೇಶಕರ ಜೊತೆ ಬಂದಿದ್ದ ಗುಮಾಸ್ತರೊಬ್ಬರು “ಹಾ” ಎಂದು ಉಸಿರೆಳೆದರು.

“ಸದ್ದು!” ಗುಹೆ ನಡುಗುವಂತೆ ಕೂಗಿದಳು ನೀಲವ್ವ.

ಏಳನೆಯ ‘ಸದ್ದು’ ಅಡಗುವಷ್ಟರಲ್ಲಿ ರೆಪ್ಪೆ ಮತ್ತೆ ಮುಚ್ಚಿಕೊಂಡಿತ್ತು. ನಿರ್ದೇಶಕರು ಗುಮಾಸ್ತರನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಬೆವರು ಒರೆಸಿಕೊಳ್ಳುತ್ತಿದ್ದ ನೀಲವ್ವನ ಕಡೆ ಕೈ ತೋರಿಸಿ ಗುಮಾಸ್ತರಿಗೆ ಹೇಳಿದರು.

“ಪಾಪ, ಒಬ್ಬಳೇ ಎಷ್ಟು ಅಂತ ಕೂಗ್ತಾಳೆ! ನಾಳೆಯಿಂದ ಇವಳಿಗೊಂದು ಮೈಕು ಕೊಡಿಸಿ.”