ಮೊದಲ ಚೀಲ

ಅಜ್ಜಪ್ಪ ಎಂಟರ್ ಒತ್ತಿದ. ಪ್ರಿಂಟರ್ ಗಪ್‌ಚುಪ್. ಕಾಟಾದ ಮೇಲೆ ಭತ್ತದ ಚೀಲ ಕೂತಿತ್ತು, ತೂಕದ ಅಂಕಿ ಕೆಂಪಗೆ ಹೊಳೆಯುತ್ತಿತ್ತು, ಚೀಟಿ ಮಾತ್ರ ಬರಲೊಲ್ಲದು. ಹಾನಗಲ್ಲಿನ ಸೊಸೈಟಿಯ ಅಂಗಳದಲ್ಲಿ ಚೀಲ ಇಳಿಸಿಕೊಂಡು ಕಾಯುತ್ತಿದ್ದ ರೈತರೆಲ್ಲ ಕಂಪ್ಯೂಟರನ್ನು ಬಿಟ್ಟು, ಅದರ ಪಕ್ಕ ನಿಂತಿದ್ದ ನುಜಹತಳ ಮುಖ ನೋಡತೊಡಗಿದರು.

"ಮೊದಲನೇ ದಿನಾನ ಬಂದ್ ಬಿತ್ತೇನವಾ?" ಎಂದರು ಕಾರ್ಯದರ್ಶಿ ಶಂಭುಲಿಂಗ. "ಹರಾಜ ಸುರು ಆಗೂದ್ರಾಗ ನೆಟ್ಟಗಾದ್ರ ಆತು. ಇಲ್ಲಾಂದ್ರ ಹುಬ್ಬಳ್ಳಿ ಕಂಪನಿಯವ್ರಿಗೆ ಫೋನ್ ಮಾಡತೇನಿ. ನಿಂದು ತಗದು ಅವ್ರದು ಹಾಕ್ತಾರ."

ನುಜಹತಳ ಮುಖ ಕೆಂಪಾಯಿತು. ಈ ಪ್ರೋಗ್ರಾಂ ಅವಳದು, ಸವಣೂರಿನ ಮನೆಯಲ್ಲಿ ಕೂತು ಒಂದೊಂದು ಸಾಲನ್ನೂ ತಾನೇ ಬರೆದದ್ದು. ನಿಜ ಹೇಳಬೇಕೆಂದರೆ ಲಿನಕ್ಸ್ ಕಂಪ್ಯೂಟರಿನೊಳಗೆ ಇದ್ದದ್ದು ಎರಡು ಪ್ರೋಗ್ರಾಂ. ಒಂದು, ಚೀಲದ ನಂಬರು ಮತ್ತು ತೂಕ ತೆಗೆದುಕೊಂಡು ಆಚೆ ದಾಟಿಸುತ್ತದೆ. ಇನ್ನೊಂದು, ಅದನ್ನು ಓದಿ ಚೀಟಿ ಬರೆಯುತ್ತದೆ. ಎರಡರ ನಡುವೆ ಮಾತು ಸಾಗುವುದಕ್ಕೊಂದು ಪೈಪು. ಕೀಲಿಮಣೆ ಕೂಡ ಕನ್ನಡದ್ದೇ. ರೈತರ ಹೆಸರು ಇಂಗ್ಲಿಷಿನಲ್ಲಿ ಕುಲಗೆಡಬಾರದೆಂದು ಹಟ ಹಿಡಿದು ಹಾಕಿಸಿದ್ದಳು. ಇದನ್ನೆಲ್ಲ ಯಾರೋ ಬಂದು ಅಳಿಸಿಹಾಕುವುದೆಂದರೆ? ಅವಳಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಅಳು ಬಂತು. ಎರಡನ್ನೂ ನುಂಗಿಕೊಂಡು ಕುರ್ಚಿ ಎಳೆದು ಕೂತಳು.

ತೂಕದ ಪ್ರೋಗ್ರಾಂ ಜೀವಂತವಿತ್ತು. ಚೀಟಿಯ ಪ್ರೋಗ್ರಾಂ ಹೇಳದೆ ಕೇಳದೆ ಎದ್ದು ಹೋಗಿತ್ತು. ಆಚೆ ಕಡೆ ಓದುವವರೇ ಇಲ್ಲದ ಪೈಪಿನೊಳಗೆ ಈಚೆಯದು ಪಾಪ, ತೂಕ ತುರುಕಲು ನೋಡುತ್ತಿತ್ತು. ಎರಡನ್ನೂ ಮತ್ತೆ ಎಬ್ಬಿಸಿ, ತಾನೇ ಒಂದು, ಎರಡು, ಮೂರು ಎಂದು ನಂಬರು ಒತ್ತಿ ನೋಡಿದಳು. ಚೀಟಿ ಚಕಚಕ ಬಂತು. "ಆತಲ್ರಿ ಕಾಕಾ, ಬರ್ರಿ" ಎಂದು ಅಜ್ಜಪ್ಪನಿಗೆ ಜಾಗ ಬಿಟ್ಟಳು. ಅವನು ಕೂತ, ಮೊದಲ ಚೀಲಕ್ಕೆ ಕೈಮುಗಿದ, ಒತ್ತಿದ. ಪ್ರಿಂಟರಿನದು ಮತ್ತೆ ಮೌನವ್ರತ.

"ಅಜ್ಜಪ್ಪನ ಮಾರಿ ಕಂಡ್ರ ಅಂಜತೈತಿ ನೋಡ್ರಿ" ಎಂದು ಯಾರೋ ಕಿಸಕ್ಕೆಂದರು.

"ಯಾಕ ಅಂಜತೈತಿ? ನಾ ಏನ್ ಅದನ್ನ ಬಡದೇನೇನು?" ಅಜ್ಜಪ್ಪನಿಗೆ ರೇಗಿತು. ಈ ಅಂಗಳದಲ್ಲಿ ಅಪ್ಪನ ನಂತರ ತೂಕಕ್ಕೆ ನಿಂತವನು ಅವನು. ತನ್ನ ತೂಕಕ್ಕೆ ಎದುರಾಡಿದವರಿಲ್ಲ ಎಂಬ ಗತ್ತು ಮೊದಲೇ ಇತ್ತು. ಈ ವಯಸ್ಸಿನಲ್ಲಿ ಟೈಪ್ ಮಾಡಲು ಕಲಿತ ಮೇಲೆ ಅದಕ್ಕೆ ಇನ್ನಷ್ಟು ಗತ್ತು ಸೇರಿತ್ತು.

ನುಜಹತ ಈ ಸಲ ಎರಡನ್ನೂ ಎಬ್ಬಿಸಿ ಸ್ಟ್ರೇಸ್ ಹಚ್ಚಿದಳು. ಪ್ರೋಗ್ರಾಂಗಳು ತಮ್ಮತಮ್ಮೊಳಗೆ ಏನು ಕೊಟ್ಟು ತೆಗೆದುಕೊಳ್ಳುತ್ತವೆ ಎಂಬುದನ್ನು ಬಾಗಿಲಿಗೆ ಕಿವಿಯಿಟ್ಟು ಕೇಳಿಸಿಕೊಂಡು ಹೇಳುವ ಉಪಕರಣ ಅದು. "ಕಾಕಾ, ಇನ್ನೊಮ್ಮೆ ಒತ್ರಿ" ಎಂದಳು. ಪರದೆಯ ಮೇಲೆ ಸಾಲು ಮೂಡಿತು. ಚೀಲದ ನಂಬರು ಇರಬೇಕಾದಲ್ಲಿ 340, 262, 262 ಎಂದು ಉದ್ದಕ್ಕೆ ಅಂಕಿಗಳ ಸಾಲು! ಸ್ಟ್ರೇಸ್ ಕನ್ನಡ ಅಕ್ಷರಗಳನ್ನು ತೋರಿಸುವುದೇ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಅಂದರೆ ನಂಬರಿನ ಜಾಗದಲ್ಲಿ ಒಂದು ಪದ ಕೂತಿದೆ. ಅದನ್ನು ಬಿಡಿಸಿ ಓದಿದಳು. ಲಾಭ.

"ಕಾಕಾ, ಮೊದಲನೇ ಚೀಲಕ್ಕ ಏನ್ ಟೈಪ್ ಮಾಡೀರಿ?"

"ಲಾಭ."

"ಒಂದು ಅಂತ ಹಾಕಬೇಕಲ್ರಿ!"

"ಕಾಳು ಅಳಿಯೂ ಮುಂದ ಯಾರರ ಒಂದು ಅಂತಾರೇನು ತಂಗಿ? ಲಾಭ, ಎರಡು, ಮೂರು. ನಮ್ಮಪ್ಪನೂ ಒಂದು ಅಂದಿಲ್ಲ, ನಾನೂ ಅನ್ನಂಗಿಲ್ಲ."

ಶಂಭುಲಿಂಗ ಹಣೆ ಹಣೆ ಬಡಿದುಕೊಂಡರು. "ಬಾಯಿಲೆ ಏನರ ಅನ್ನೋ ಮಾರಾಯಾ, ಕೈಲೆ ಒಂದು ಒತ್ತು. ಆ ಡಬ್ಬಿಗೇನ್ ತಿಳೀತೈತಿ ನಿನ್ನ ಲಾಭ?"

ಅಜ್ಜಪ್ಪ ಕೀಲಿಮಣೆಯಿಂದ ಕೈ ತೆಗೆದು ಎದ್ದೇ ನಿಂತ. ಅವನ ಮುಖ ನೋಡಿದ ನುಜಹತಳಿಗೆ ತನ್ನದೇ ಮುಖ ಕಂಡಂತಾಯಿತು. ಸ್ವಲ್ಪ ಮುಂಚೆ, ಹುಬ್ಬಳ್ಳಿಯ ಹೆಸರು ಕೇಳಿದಾಗ, ತಾನೂ ಹೀಗೇ ಇದ್ದಿರಬೇಕು.

"ಕುಂದರ್ರಿ ಕಾಕಾ. ನೀವು ಬದಲಾಗೂದು ಬ್ಯಾಡ" ಎಂದಳು. "ಅದಕ್ಕ ತಿಳಿಯಂಗಿಲ್ಲ ಅಂದ್ರ ತಿಳಿಸಾಕ ನಾ ಅದೇನಿ."

ಚೀಟಿಯ ಪ್ರೋಗ್ರಾಂ ತೆರೆದು ಬೆರಳಾಡಿಸಿದಳು. ಲಾಭ ಅಂದರೂ ಒಂದೇ ಎಂದು ಬರೆದಳು. ತಿಳಿಯದ ಮಾತು ಬಂದರೆ ಇನ್ನು ಮುಂದೆ ಹಾಗೆ ಎದ್ದು ಹೋಗಕೂಡದು, ತಿರುಗಿ ಕೇಳಬೇಕು ಎಂದೂ ಬರೆದಳು. ಅಜ್ಜಪ್ಪ ಕೂತು, ಮತ್ತೆ ಕೈಮುಗಿದು, ಎಂಟರ್ ಒತ್ತಿದ. ಪ್ರಿಂಟರ್ ಗುರ್ರೆಂದಿತು. ಚೀಟಿಯ ಮೊದಲ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ 'ಲಾಭ', ಮುಂದೆ ತೂಕ. ಅಂಗಳಕ್ಕೆಲ್ಲ ಕೇಳುವಂತೆ ಅವನು ಅದನ್ನು ಓದಿದ. ಹುಬ್ಬಳ್ಳಿಯ ಯಾವ ಕಂಪನಿಗೂ ಇಂಥದ್ದು ಬರೆಯಲು ಹೊಳೆಯುತ್ತಿರಲಿಲ್ಲ ಎಂದು ನುಜಹತಳ ಎದೆ ಉಬ್ಬಿತು, ಉಬ್ಬಲಿ ಎಂದು ಅವಳೂ ಬಿಟ್ಟಳು.

ಶಂಭುಲಿಂಗ ಫೋನನ್ನು ಜೇಬಿಗಿಟ್ಟರು. ಹರಾಜಿನ ಗಂಟೆ ಬಾರಿಸಲು ಹೊರಟವರು, ಪರದೆಯತ್ತ ಬಗ್ಗಿ ನೋಡಿ ನಿಂತರು. "ಲಾಭದ ಕೆಳಗ ಇನ್ನೊಂದು ಬರದೀಯಲ್ಲವಾ? ಬರಕತ್ ಅಂದ್ರೂ ಒಂದನ ಏನು?"

"ಹೂನ್ರಿ" ಎಂದಳು ನುಜಹತ. "ಮನ್ಯಾಗ ಅಕ್ಕಿ ಅಳಿಯೂ ಮುಂದ ನಮ್ಮ ಅಜ್ಜಿನೂ ಒಂದು ಅನ್ನಂಗಿಲ್ರಿ."