ಕೆಂಪು ಕಣಗಳು

ಸರ್ಕಾರದ ಅನುದಾನದಲ್ಲಿ ವಿಶ್ವವಿದ್ಯಾಲಯ ಕೊಂಡಿದ್ದ ಆ ಭಾರೀ ಸೂಕ್ಷ್ಮದರ್ಶಕದ ಮುಸುಕು ವರ್ಷಕ್ಕೆ ಒಂದೇ ಸಲ, ಆಯುಧಪೂಜೆಯ ದಿನ, ಸರಿಯುತ್ತಿತ್ತು. ಅಟೆಂಡರ್ ಮಾದಪ್ಪ ಅದಕ್ಕೆ ಹೂವಿಟ್ಟು, ಬುಡದಿಂದ ಹಿಡಿದು ಗಾಜಿನವರೆಗೂ ಎಲ್ಲೂ ಬಿಡದೆ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಮತ್ತೆ ಮುಸುಕು ಹೊದಿಸಿಬಿಡುತ್ತಿದ್ದ. ಅದನ್ನು ಬಳಸಬಲ್ಲವರು ವಿಭಾಗದಲ್ಲಿ ಯಾರೂ ಇರಲಿಲ್ಲ.

ಇವತ್ತು ತಪಾಸಣೆಗೆ ಸಮಿತಿ ಬಂದಿತ್ತು. ಯಂತ್ರ ಸುಮ್ಮನೆ ಕೂತಿದೆ ಎಂದು ಗೊತ್ತಾದರೆ ಹೊಸ ಪ್ರಯೋಗಾಲಯದ ಆಸೆಗೆ ಎಳ್ಳುನೀರು. ವಿಭಾಗದ ಮುಖ್ಯಸ್ಥರು ಈರುಳ್ಳಿಯ ಪೊರೆಯೊಂದನ್ನು ಇಟ್ಟು ಪಕ್ಕಕ್ಕೆ ಸರಿದರು. ಬೇರೊಂದು ವಿಶ್ವವಿದ್ಯಾಲಯದ ಹಿರಿಯ ವಿಜ್ಞಾನಿಯಾಗಿದ್ದ ಸಮಿತಿಯ ಅಧ್ಯಕ್ಷರು ಬಗ್ಗಿ ನೋಡಿದರು.

“ಏನ್ರೀ ಇದು, ಬರೀ ಕೆಂಪು ಕಣ?”

ಮುಖ್ಯಸ್ಥರು ತಟ್ಟನೆ ಮುಂದೆ ಬಂದರು.

“ಅದೇ ಸಾರ್, ನಮ್ಮ ಸಂಶೋಧನೆ.”

“ಯಾವಾಗ್ಲೂ ಇರುತ್ತಾ?”

“ನವರಾತ್ರಿ ಹೊತ್ತಿಗೆ ಬರುತ್ತೆ ಸಾರ್. ಆಮೇಲೆ ವರ್ಷವಿಡೀ ಹಾಗೇ ಉಳ್ಕೊಳ್ಳುತ್ತೆ.”

“ಕಾರಣ?”

“ಅದನ್ನ ಕಂಡುಹಿಡಿಯೋಕೇ ಹೊಸ ಲ್ಯಾಬ್ ಬೇಕು ಸಾರ್.”

ಅಧ್ಯಕ್ಷರು ಗಂಭೀರವಾಗಿ ತಲೆದೂಗಿ, ಶಿಫಾರಸಿಗೆ ಅಲ್ಲೇ ಸಹಿ ಹಾಕಿದರು. ಹೋದ ಜೀವ ಬಂದಂತಾದ ಮುಖ್ಯಸ್ಥರು ಕಾರಿನ ತನಕ ಹೋಗಿ ಕೈಮುಗಿದು ನಿಂತರು. ಅಧ್ಯಕ್ಷರು ಕಾರಿನ ಗಾಜಿಳಿಸಿ, ಅವರನ್ನು ಹತ್ತಿರ ಕರೆದು, ಕಿವಿಯಲ್ಲಿ ಪಿಸುಗುಟ್ಟಿದರು.

“ನಮ್ಮ ಯಂತ್ರದಲ್ಲಿ ಹಳದಿ ಕಣಾನೂ ಕಾಣ್ಸುತ್ತೆ ಕಣ್ರೀ. ನಿಮ್ಮ ಅಟೆಂಡರ್ ಅರಿಶಿನ ಹಚ್ಚಲ್ವಾ?”