ಜೌಗಲ್ಲ, ಹಸಿನೆಲ

ಕೆರೆಗಳು ಮಾತಾಡಲು ಶುರುಮಾಡಿದ ಮೇಲೆ, ಕೆರೆ ಒಪ್ಪದೆ ಯಾರಿಗೂ ಸಂಶೋಧನೆಯ ವಿದ್ಯಾರ್ಥಿವೇತನ ಸಿಗುತ್ತಿರಲಿಲ್ಲ. ಹುಲಿಗೆವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ತನ್ನ ಅರ್ಜಿಯನ್ನು ಓದಿದಳು: "ವಿಷಯ, ಜೌಗು ನೆಲದ ಜೀವಶಾಸ್ತ್ರ ಮತ್ತು ಶಾಲಾಮಕ್ಕಳ ತಿಳಿವಳಿಕೆ."

"ಜೌಗಂತ!" ಕೆರೆ ಸಿಡಿಯಿತು. "ಮುಂಜಾನಿಂದ ಮೂರು ಮಂದಿ ಹಂಗ ಬೈದ್ರು, ಮೂವರನ್ನೂ ಓಡಿಸೀನಿ. ನಿಮ್ಮೂರಾಗ ಜೌಗು ಅಂದ್ರ ಏನವ್ವ?"

ಹುಲಿಗೆವ್ವನ ಮುಖ ಬಾಡಿತು. ಅವಳ ಊರಿನಲ್ಲಿ ಜೌಗು ಎಂದರೆ ನೀರು ನಿಂತು ಕೆಟ್ಟುಹೋದ ಹೊಲ. ಮುಂದಿನ ವರ್ಷ ಅರ್ಜಿ ಹಾಕಲು ಅವಳಿಗೆ ವಯಸ್ಸು ಮೀರುತ್ತಿತ್ತು.

"ತಪ್ಪಾತಬೇ ಯವ್ವಾ," ಎಂದು ಆ ಪದವನ್ನು ಹೊಡೆದುಹಾಕಿದಳು. "ಹಸಿನೆಲ ಅಂತ ಬರೀತೀನಿ."

"ಹಸಿ ಅಂದ್ರ?"

"ಹಸಿ ಬಾಣಂತಿ ಅಂತೀವಲ್ಲ, ಹಂಗ. ನಿನ್ನ ಮಡಿಲಾಗ ನಿನ್ನೆ ಮೊನ್ನೆ ಹುಟ್ಟಿದ ಮೀನಮರಿ ಅದಾವ, ನೀರುಕೋಳಿ ಮರಿ ಅದಾವ. ನಿನ್ನ ಜ್ವಾಕಿ ಮಾಡ್ಬೇಕಂತ ಹುಡುಗ್ರಿಗೆ ಹೇಳ್ತೀನಿ."

ಕೆರೆಯಲ್ಲಿ ಒಂದು ಸಣ್ಣ ಅಲೆ ಎದ್ದು ಅರ್ಜಿಯ ಮೂಲೆಯನ್ನು ಒದ್ದೆ ಮಾಡಿತು. ಅದೇ ಕೆರೆಯ ಸಹಿ.

"ನಾಳೆ ಸಾಲಿ ಹುಡುಗ್ರನ್ನ ಕರ್ಕೊಂಡ ಬಾ," ಎಂದಿತು. "ಬಾಣಂತಿ ನೋಡಾಕ ಬರಿಗೈಲೆ ಬರಬಾರ್ದು. ಗದ್ದಲ ಮಾಡಬ್ಯಾಡ್ರಿ ಅನ್ನು. ಕೂಸು ಮಲಗ್ಯಾವ."